ತವಿಲಿನ ಪೆಟ್ಟಿಗೆ ಸೋಲುತ್ತಿದ್ದ ನನ್ನ ಆಂಪ್

ನಮ್ಮ ಭಾವ ಅಮೆರಿಕದ ಮಿನ್ನೆಸೋಟಾದಿಂದ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ ವಾಪಸ್ ಬಂದಾಗ ಕಂಟೇನರಿನಲ್ಲಿ ಒಂದು ಜೊತೆ ಮ್ಯಾಗ್ನೆಪ್ಯಾನ್ 1.7 ಸ್ಪೀಕರ್ ತಂದಿದ್ದರು. ಅದೇ ರಾಜ್ಯದ ವೈಟ್ ಬೇರ್ ಲೇಕ್‌ನಲ್ಲಿ ತಯಾರಾಗುವ ಸರಕು. ಅವರ ಆಂಪ್ (ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಅಲ್ಲಿನ 120 ವೋಲ್ಟಿನದು, ಇಲ್ಲಿಗೆ ಹೊಂದದ್ದು, ಅಲ್ಲೇ ಮಾರಿ ಬಂದಿದ್ದರು. ಫ್ಲ್ಯಾಟಿನಲ್ಲಿ ಜಾಗ ಸಾಲದೆ ಸ್ಪೀಕರ್ ನನ್ನ ಪಾಲಿಗೆ ಬಂತು. ಎತ್ತರ ಐದಡಿಗೂ ಮೇಲೆ, ದಪ್ಪ ಎರಡೇ ಇಂಚು. ಡಬ್ಬ ಇಲ್ಲ, ಕೋನ್ ಇಲ್ಲ. ಆಯಸ್ಕಾಂತಗಳ ಎದುರು ಬಿಗಿದ ತೆಳು ಹಾಳೆಯೇ ಅದುರಿ ಹಾಡುತ್ತದೆ. ಅಮ್ಮ ನೋಡಿ, "ಬಾಗಿಲೇನೋ ತಂದೆ, ಚೌಕಟ್ಟೆಲ್ಲೋ?" ಅಂದರು.

ನನ್ನಲ್ಲಿ ಇದ್ದದ್ದು 8 ಓಮ್‌ಗೆ 60 ವಾಟ್, 4 ಓಮ್‌ಗೆ 90 ವಾಟ್ ಕೊಡುವ ಇಂಟಿಗ್ರೇಟೆಡ್ ಆಂಪ್, ಅಂದರೆ ವಾಲ್ಯೂಮ್ ನಾಬೂ ಪವರ್ ಆಂಪೂ ಒಂದೇ ಡಬ್ಬದಲ್ಲಿ. ಓಮ್ ಅಂದರೆ ಸ್ಪೀಕರ್ ಒಡ್ಡುವ ವಿದ್ಯುತ್ ತಡೆ; ಈ ಸ್ಪೀಕರಿನದು 4. ಮೊದಲ ವಾರ ಮಲ್ಲಿಕಾರ್ಜುನ ಮನ್ಸೂರರನ್ನು ಸಣ್ಣ ದನಿಯಲ್ಲಿ ಕೇಳುತ್ತಾ ಸ್ವರ್ಗದಲ್ಲಿದ್ದೆ. ಭಾನುವಾರ ನಾಗಸ್ವರ ಕಚೇರಿ ಹಾಕಿ ವಾಲ್ಯೂಮ್ ಏರಿಸಿದಾಗ ಬಣ್ಣ ಬಯಲಾಯಿತು. ನಾಗಸ್ವರವೇನೋ ಸರಿ. ಜೊತೆಗಿನ ಡೋಲು, ಅಂದರೆ ತವಿಲಿಗೆ ಕೋಲಿನ ಪೆಟ್ಟು ಬಿದ್ದಾಗಲೆಲ್ಲ ಒಣ ಎಲೆ ತುಳಿದಂತೆ 'ಚರ್'. ತವಿಲಿನವರೇ ನುಡಿಸುವ ತನಿ ಆವರ್ತನ ಕಾವೇರುವ ಹೊತ್ತಿಗೆ ಆಂಪನ್ನು ಕಾಯುವ ಒಳಗಿನ ಸ್ವಿಚ್ಚು, ರಿಲೇ, 'ಟಕ್' ಅಂದು ಎಲ್ಲ ಸ್ತಬ್ಧ.

ಒಂದು ಅಂಗಡಿಯಲ್ಲಿ ಕೇಳಿದೆ. "ಕೇಬಲ್ ಬದಲಾಯಿಸಿ ಸಾರ್" ಎಂದು ಆಂಪಿಗಿಂತ ದುಬಾರಿ ತಂತಿ ತೋರಿಸಿದರು. ಮನೆಗೆ ಬಂದು ಲೆಕ್ಕ ಹಾಕಿದೆ. ನನ್ನದು 2.5 ಚದರ ಮಿ.ಮೀ.ನ ಸಾಮಾನ್ಯ ತಾಮ್ರದ ವೈರ್, ಹೋಗಿಬರುವ ದಾರಿ ಎಂಟು ಮೀಟರ್. ರೋಧ ಸುಮಾರು 0.055 ಓಮ್. ನಾಲ್ಕು ಓಮ್ ಸ್ಪೀಕರಿನ ಮುಂದೆ ಶೇಕಡಾ ಒಂದೂವರೆಯೂ ಇಲ್ಲ. ತಂತಿ ಅದೇ ಇಂದಿಗೂ ಇದೆ.

ಸ್ಪೀಕರಿನ ಸಂವೇದನೆ, ಅಂದರೆ ಇಷ್ಟು ವೋಲ್ಟಿಗೆ ಎಷ್ಟು ಸದ್ದು ಎಂಬುದನ್ನು, 2.83 ವೋಲ್ಟಿಗೆ 86 ಡಿಬಿ (ಡೆಸಿಬೆಲ್) ಎಂದು ನಮೂದಿಸಿರುತ್ತಾರೆ. 2.83 ವೋಲ್ಟ್ 8 ಓಮ್‌ಗಾದರೆ ಒಂದು ವಾಟ್, 4 ಓಮ್‌ಗೆ ಎರಡು. ವಾಟ್ ಅರ್ಧವಾದರೆ 3 ಡಿಬಿ ಇಳಿಯುತ್ತದೆ, ಅಂದರೆ ಒಂದು ವಾಟಿನ ಲೆಕ್ಕಕ್ಕೆ ಇದು 83 ಡಿಬಿ, ಹೆಚ್ಚು ವಾಟ್ ಬೇಡುವ ಸ್ಪೀಕರ್. ಇದನ್ನು ಗಮನಿಸದೆ 'ಸಾಧಾರಣ ಸ್ಪೀಕರ್' ಅಂದುಕೊಂಡಿದ್ದು ನನ್ನದೇ ದಡ್ಡತನ.

ಹಾಗಾದರೆ ನನಗೆ ನಿಜಕ್ಕೂ ಎಷ್ಟು ಬೇಕು? ಊಹೆ ಬಿಟ್ಟು ಅಳೆದೆ. ಸಹಿಸಬಹುದಾದಷ್ಟು ಜೋರಿನಲ್ಲಿ ಅದೇ ತವಿಲ್ ಭಾಗ ಹಾಕಿ, ನಾಬ್ ಎಲ್ಲಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಆಂಪ್ ಆರಿಸಿ ಸ್ಪೀಕರ್ ತಂತಿ ಬಿಚ್ಚಿದೆ. ಮತ್ತೆ ಆನ್ ಮಾಡಿ, ನಾಬ್ ಕದಲಿಸದೆ, ರೆಕಾರ್ಡಿಂಗಿನಲ್ಲಿ ಹಿಡಿಸುವ ಪೂರ್ಣ ಮಟ್ಟಕ್ಕಿಂತ 12 ಡಿಬಿ ಕೆಳಗಿನ 120 ಹರ್ಟ್ಸ್ ಟೋನ್ ಹಚ್ಚಿ, ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಟರ್ಮಿನಲ್ಲಿಗೆ ಹಿಡಿದೆ. 6.2 ವೋಲ್ಟ್. 12 ಡಿಬಿ ಅಂದರೆ ವೋಲ್ಟಿನಲ್ಲಿ ನಾಲ್ಕು ಪಟ್ಟು, ಹಾಗಾಗಿ ಪೂರ್ಣ ಮಟ್ಟದಲ್ಲಿ 24.8 ವೋಲ್ಟ್, 4 ಓಮ್‌ಗೆ 154 ವಾಟ್. ನನ್ನ ಆಂಪಿನ 90 ವಾಟ್ ಅಂದರೆ 19 ವೋಲ್ಟ್. ಉಳಿದದ್ದನ್ನು ಅದು ಕತ್ತರಿಸುತ್ತಿತ್ತು, ಆ ಕತ್ತರಿಯ ಸದ್ದೇ 'ಚರ್'. (ವಾಲ್ವ್ ಆಂಪ್ ಇದ್ದವರು ಈ ಸಾಹಸಕ್ಕೆ ಇಳಿಯಬೇಡಿ. ಸ್ಪೀಕರಿನ ಲೋಡ್ ಇಲ್ಲದೆ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋದೀತು.)

ಇನ್ನೊಂದು ಎಡವಟ್ಟೂ ಸಿಕ್ಕಿತು. ಕರೆಂಟ್ ಹೋಗಿಬರುವ ಭಯಕ್ಕೆ ಆಂಪನ್ನು ಕಂಪ್ಯೂಟರಿನ 600 ವಿಎ ಯುಪಿಎಸ್‌ಗೆ ಸಿಕ್ಕಿಸಿದ್ದೆ. ಸಣ್ಣ ಕೊಳವೆಯಿಂದ ಟ್ಯಾಂಕ್ ತುಂಬಿಸಿದ ಹಾಗೆ. ನೇರ ಗೋಡೆಯ ಸಾಕೆಟ್ಟಿಗೆ ಹಾಕಿದ ಮೇಲೆ ರಿಲೇ ಬೀಳುವುದು ಕಡಿಮೆಯಾಯಿತು, 'ಚರ್' ಹೋಗಲಿಲ್ಲ.

ಹುಡುಕುವಾಗ ನಾನು ನೋಡಿದ್ದು ಒಂದೇ: 8 ಓಮಿನ ವಾಟ್ 4 ಓಮ್‌ಗೆ ಇಳಿದಾಗ ಎಷ್ಟಾಗುತ್ತದೆ? ಹೆಚ್ಚುಕಡಿಮೆ ಎರಡರಷ್ಟಾದರೆ ಪವರ್ ಸಪ್ಲೈಯಲ್ಲಿ ಕಸುವಿದೆ ಎಂದರ್ಥ. ಮ್ಯಾಗ್ನೆಪ್ಯಾನ್ ಹೊಟ್ಟೆಬಾಕ, ಆದರೆ ಸ್ವಭಾವ ಸರಳ; ಅದರ ಇಂಪೀಡೆನ್ಸ್ (ಓಮಿನಲ್ಲಿ ಅಳೆಯುವ ಆ ತಡೆ) ಬಹುಪಾಲು ಮಾಮೂಲಿ ರೆಸಿಸ್ಟರಿನ ಹಾಗೆ. 1957ರಲ್ಲಿ ಬಂದ ಕ್ವಾಡ್ ಕಂಪನಿಯ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ಬೇರೆಯೇ ಜಾತಿ. ಅದು ಕೆಪಾಸಿಟರಿನಂತೆ ವರ್ತಿಸುತ್ತದೆ, ತಾರಕ್ಕೆ ಹೋದಂತೆ ಓಮ್ ಕುಸಿಯುತ್ತದೆ. ಅಲ್ಲಿ ಬರೀ ದೈತ್ಯ ಆಂಪ್ ತಂದು ಜಡಿದರೆ ಪ್ಯಾನೆಲ್ಲೇ ಸುಟ್ಟೀತು.

ಕೊನೆಗೆ 8 ಓಮಿಗೆ 200, 4 ಓಮಿಗೆ 370 ವಾಟಿನ ಹಳೆಯ ಪವರ್ ಆಂಪೊಂದು ಸೆಕೆಂಡ್‌ಹ್ಯಾಂಡಿನಲ್ಲಿ ಸಿಕ್ಕಿತು. ಎರಡನೇ ಮಹಡಿಗೆ ಇಬ್ಬರು ಸೇರಿ ಹೊತ್ತೆವು. ನನ್ನ ಮೊದಲಿನ ಆಂಪಿನ ಪ್ರಿಔಟ್‌ನಿಂದಲೇ (ಬೇರೆ ಪವರ್ ಆಂಪಿಗೆ ಸಿಗ್ನಲ್ ಕಳಿಸುವ ಕಿಂಡಿ) ಅದಕ್ಕೆ ಸಿಗ್ನಲ್ ಕೊಟ್ಟು, ಅದೇ ಟೋನ್, ಅದೇ ಮೀಟರ್ ಹಿಡಿದು ಎರಡರ ಮಟ್ಟವನ್ನೂ ಸಮ ಮಾಡಿ ಹೋಲಿಸಿದೆ. ಸಣ್ಣ ದನಿಯಲ್ಲಿ ಮನ್ಸೂರರು ಎರಡರಲ್ಲೂ ಒಂದೇ. ಆಡಿಯೋ ವಿಮರ್ಶಕರ ಹಾಗೆ 'ಕರ್ಟನ್ ಸರಿಸಿದ ಹಾಗಾಯ್ತು' ಅಂತ ಬರೆಯಲು ನನಗೂ ಆಸೆ, ಆಗಲಿಲ್ಲ. ಪೆನ್ಸಿಲ್ ಗುರುತಿನ ಮಟ್ಟಕ್ಕೆ ಬಂದಾಗ ಮಾತ್ರ ತವಿಲ್ ತವಿಲಾಯಿತು: ಪೆಟ್ಟು, ಅದರ ಹಿಂದೆ ಚರ್ಮದ ಗುಂಯ್ ಅನ್ನುವ ಬಾಲ.

ಸ್ಪೀಕರನ್ನು ಗೋಡೆಯಿಂದ ಒಂದಡಿಯಲ್ಲಿದ್ದದ್ದು ನಾಲ್ಕಡಿ ಮುಂದಕ್ಕೆ ಎಳೆದಾಗ ಆದ ಬದಲಾವಣೆ ಮಾತ್ರ ಎಲ್ಲ ವಾಲ್ಯೂಮಿನಲ್ಲೂ ಕೇಳಿಸಿತು. ಹಿಂದಕ್ಕೂ ಅಷ್ಟೇ ಸದ್ದು ಹೊಮ್ಮಿಸುವ ಸ್ಪೀಕರ್ ಅದು. ಅದಕ್ಕೆ ಖರ್ಚಾದದ್ದು ಸೋಫಾದ ಜಾಗ ಮತ್ತು ಅಮ್ಮನ ಎರಡು ದಿನದ ಮೌನ.