ಝೆನಾನ್ ಲ್ಯಾಂಪ್ ಇಗ್ನೈಟರ್‌ಗೆ ಬದಲಿ ಕೆಪಾಸಿಟರ್: ನನ್ನ ಅನುಭವ

ನನ್ನ ಝೆನಾನ್ ಲ್ಯಾಂಪಿನ ಇಗ್ನೈಟರ್, ಅಂದರೆ ಹೈ ವೋಲ್ಟೇಜ್ ಸ್ಪಾರ್ಕ್ ಕೊಟ್ಟು ಲ್ಯಾಂಪ್ ಹೊತ್ತಿಸುವ ಯೂನಿಟ್, ಕೆಟ್ಟಿತ್ತು. ಹೊಸದು ಕೊಳ್ಳದೆ ಒಳಗಿನ ಕೆಪಾಸಿಟರ್ ಬದಲಿಸಿದೆ. ಈಗ ಸ್ವಿಚ್ ಒತ್ತಿದ ಕೂಡಲೇ ಲ್ಯಾಂಪ್ ಹೊತ್ತಿಸುತ್ತಿದೆ. ವರ್ಷದ ಮೇಲಾಯಿತು. "ಬಿಡಿ ಕೆಪಾಸಿಟರ್ ಹಾಕಿದರೆ ವಾರವೂ ಬಾಳಲ್ಲ, ಪೂರ್ತಿ ಯೂನಿಟ್ ತಗೊಳ್ಳಿ" ಅಂದವರೇ ಈಗ ಪಾರ್ಟ್ ಪಟ್ಟಿ ಕೇಳುತ್ತಿದ್ದಾರೆ. ಕೊಡುತ್ತೇನೆ, ಒಂದೆರಡು ಬಿಟ್ಟು.

ಮೊದಲು ಒಂದು ಮಾತು. ಸ್ಪಾರ್ಕ್ ಜೋರಾಗಿ ಕೇಳಿಸುತ್ತದೆ, ಲ್ಯಾಂಪ್ ಮಿಂಚಿ ಆರಿಹೋಗುತ್ತದೆ ಅಂದರೆ ಇಗ್ನೈಟರ್ ಬಿಚ್ಚಲೇಬೇಡಿ. ರೆಕ್ಟಿಫೈಯರ್‌ನ ಬೂಸ್ಟ್ ಕೆಪಾಸಿಟರ್ (ಹೊತ್ತುವ ಕ್ಷಣಕ್ಕೆ ಲ್ಯಾಂಪ್‌ಗೆ ಹೆಚ್ಚುವರಿ ಶಕ್ತಿ ಕೊಡುವುದು) ನೋಡಿ. ಎಷ್ಟೋ ಒಳ್ಳೆಯ ಇಗ್ನೈಟರ್‌ಗಳು ಸುಮ್ನೆ ಕಸಕ್ಕೆ ಹೋಗಿವೆ.

ನನ್ನದರಲ್ಲಿ ಸ್ಪಾರ್ಕೇ ಸೊರಗಿತ್ತು. ಸ್ಪಾರ್ಕ್ ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಸಂದು) ಪಕ್ಕದ, ಬಾಗಿಲ ಹಿಡಿಯ ಗುಂಡಿನಂತಿರುವ ಸೆರಾಮಿಕ್ ಡೋರ್‌ನಾಬ್ ಕೆಪಾಸಿಟರ್ ಕೂದಲೆಳೆಯಷ್ಟು ಸೀಳಿತ್ತು. ಸುಮಾರು 2 ನ್ಯಾನೋಫ್ಯಾರಡ್‌ನದು. ಅಷ್ಟೇ ನ್ಯಾನೋಫ್ಯಾರಡ್‌ನ, ಜಾಸ್ತಿ ವೋಲ್ಟೇಜಿನ ಅಗ್ಗದ ಸೆರಾಮಿಕ್ ತಂದು ಹಾಕಿದೆ. ಮೀಟರ್‌ನಲ್ಲಿ ಸರಿಯಾಗಿಯೇ ತೋರಿಸಿತು. ಆದರೆ ಆ ಜಾತಿಯ ಸೆರಾಮಿಕ್ ವೋಲ್ಟೇಜ್ ಏರಿದಂತೆ ಕೆಪಾಸಿಟಿ ಕಳೆದುಕೊಳ್ಳುತ್ತದೆ. ಮೀಟರ್ ಅಳೆಯುವುದು ಒಂದೆರಡು ವೋಲ್ಟ್‌ನಲ್ಲಿ ಅಲ್ವಾ? ಸ್ಪಾರ್ಕ್ ಬಂತು, ಲ್ಯಾಂಪ್ ಹೊತ್ತಲಿಲ್ಲ. ಕೆಲವು ದಿನಕ್ಕೆ ಅದೂ ಒಡೆಯಿತು. ಅಸಲಿ ಬಿಡಿಭಾಗ ಅಂತ ಮಾರಾಟಗಾರರೊಬ್ಬರು ಕಳಿಸಿದ್ದಕ್ಕೆ ಇದರ ಹತ್ತರಷ್ಟು ದುಡ್ಡು ಸುರಿದೆ. ಎಪಾಕ್ಸಿ ಕೆರೆದು ನೋಡಿದರೆ ಅದೇ ಮಾಲು.

ಕೊನೆಗೆ ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್‌ಗೆ ಬಂದೆ. 10 ನ್ಯಾನೋಫ್ಯಾರಡ್, 2000 ವೋಲ್ಟ್‌ನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಐದು, ಸೀರೀಸ್‌ನಲ್ಲಿ (ಒಂದರ ಹಿಂದೊಂದು). ಒಟ್ಟು ಅದೇ 2 ನ್ಯಾನೋಫ್ಯಾರಡ್. ಮೆಟಲೈಸ್ಡ್ (ಲೋಹದ ತೆಳು ಲೇಪದ್ದು) ಬೇಡ, ಫಾಯಿಲ್‌ನದೇ ಬೇಕು. ಇಲ್ಲಿ ಕೆಪಾಸಿಟರನ್ನು ಸಾಯಿಸುವುದು ವೋಲ್ಟೇಜ್ ಅಲ್ಲ, ಗ್ಯಾಪ್ ಹಾರಿದಾಗ ಒಮ್ಮೆಲೇ ಹರಿಯುವ ಕರೆಂಟ್. ಡೇಟಾಶೀಟ್‌ನಲ್ಲಿ ಮೈಕ್ರೋಸೆಕೆಂಡಿಗೆ ಎಷ್ಟು ವೋಲ್ಟ್ ತಡೆಯುತ್ತದೆ ಅನ್ನುವ ಸಾಲು ನೋಡಿ. ಸಾವಿರಗಳಲ್ಲಿ ಇರಬೇಕು.

ಪ್ರತಿ ಕೆಪಾಸಿಟರ್‌ಗೂ ಅಡ್ಡಲಾಗಿ ಮೂರು 3.3 ಮೆಗಾಓಮ್ ರೆಸಿಸ್ಟರ್, ಅವೂ ಸೀರೀಸ್‌ನಲ್ಲಿ, ಐದೂ ವೋಲ್ಟೇಜನ್ನು ಸಮನಾಗಿ ಹಂಚಿಕೊಳ್ಳಲಿ ಅಂತ. ಒಂದೇ 10 ಮೆಗಾಓಮ್ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ಸಣ್ಣ ರೆಸಿಸ್ಟರ್‌ಗಳಿಗೆ ವ್ಯಾಟ್ ಮಿತಿಯ ಜೊತೆಗೆ ವೋಲ್ಟೇಜ್ ಮಿತಿಯೂ ಇದೆ, 250-350 ವೋಲ್ಟ್ ಆಸುಪಾಸು. ಇದೇ ಸಾಲು ಆಫ್ ಮಾಡಿದ ಮೇಲೆ ಚಾರ್ಜ್ ಇಳಿಸುತ್ತದೆ. ಆದರೂ ಉಳಿದ ಚಾರ್ಜ್ ನೆಲಕ್ಕಿಳಿಸುವ ಅರ್ತ್ ಕೋಲು ಮುಟ್ಟಿಸದೆ ಕೈ ಹಾಕುವವನು ನಾನಲ್ಲ.

ಎಲ್ಲ ಸೇರಿ ಹೊಸ ಯೂನಿಟ್ಟಿನ ಇಪ್ಪತ್ತರಲ್ಲಿ ಒಂದು ಪಾಲೂ ಖರ್ಚಾಗಲಿಲ್ಲ. ಅಸಲಿ ಅಂತ ಬಂದ ಆ ಹಾಳು ಪಾರ್ಸೆಲ್ ಲೆಕ್ಕ ಬಿಟ್ಟು!

ಮಧ್ಯೆ ಸ್ಪಾರ್ಕ್ ಗ್ಯಾಪ್ ತೆಗೆದು ಗ್ಯಾಸ್ ಟ್ಯೂಬ್ ಅರೆಸ್ಟರ್‌ಗಳನ್ನು (ಗ್ಯಾಸ್ ತುಂಬಿದ ಮುಚ್ಚಿದ ಟ್ಯೂಬಿನೊಳಗೇ ಕಿಡಿ ಹಾರಿಸುವಂಥವು) ಸೀರೀಸ್‌ನಲ್ಲಿ ಹಾಕಿ ನೋಡಿದೆ. ಸದ್ದಿಲ್ಲ, ಅಚ್ಚುಕಟ್ಟು. ದಿನ ಕಳೆದಂತೆ ಹಾರುವ ವೋಲ್ಟೇಜ್ ಇಳಿಯುತ್ತಾ ಬಂತು. ಅವು ಎಂದೋ ಒಮ್ಮೆ ಬರುವ ವೋಲ್ಟೇಜ್ ಸರ್ಜ್‌ಗೆ ಮಾಡಿದ್ದು, ದಿನಾ ದುಡಿಯಲು ಅಲ್ಲ. ಮತ್ತೆ ಗ್ಯಾಪ್‌ಗೇ ಬಂದೆ, ಟಿಗ್ ವೆಲ್ಡಿಂಗ್‌ನ ಟಂಗ್‌ಸ್ಟನ್ ಕಡ್ಡಿ ತುಂಡು ಮಾಡಿ ಹಾಕಿದೆ. ಥೋರಿಯಂ ಬೆರೆತ ಕಡ್ಡಿ ಬೇಡ, ಅದರ ಉಜ್ಜಿದ ಧೂಳು ರೇಡಿಯೋಆಕ್ಟಿವ್. ತುದಿಗೆ ಯಾವ ಆಕಾರ ಕೊಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ಗ್ಯಾಪ್ ಅಗಲಿಸಿ ಸ್ಪಾರ್ಕ್ ದಪ್ಪ ಮಾಡಲು ಮಾತ್ರ ಹೋಗಬೇಡಿ. ಗಾಳಿಯಲ್ಲಿ ಕಿಡಿ ಹಾರಲು ಮಿಲಿಮೀಟರ್‌ಗೆ ಸುಮಾರು 3 ಕಿಲೋವೋಲ್ಟ್ ಬೇಕು. ನೀವು ಅಗಲಿಸಿದಷ್ಟೂ ಕೆಪಾಸಿಟರ್ ಮೇಲೆ ಭಾರ.

ಬೆಂಚ್ ಮೇಲೆ ಲ್ಯಾಂಪ್ ಜಾಗದಲ್ಲಿ ಇನ್ನೊಂದು ಗ್ಯಾಪ್ ಇಟ್ಟು ಪರೀಕ್ಷಿಸಿ. ಏನೂ ಇಲ್ಲದೆ ಹಾರಿಸಿದರೆ ಹುಟ್ಟುವ 20-30 ಕಿಲೋವೋಲ್ಟ್, ಅದನ್ನು ಹುಟ್ಟಿಸುವ ಕಾಯಿಲ್‌ನ ಇನ್ಸುಲೇಷನ್ನನ್ನೇ ತಿನ್ನುತ್ತದೆ. ಲ್ಯಾಂಪ್ ತಣ್ಣಗಿದ್ದಾಗಲೂ ಒಳಗೆ ಒತ್ತಡ ಇದ್ದೇ ಇರುತ್ತದೆ, ಮುಖಕ್ಕೆ ಶೀಲ್ಡ್ ಹಾಕುವುದನ್ನು ಬಿಡಬೇಡಿ.

ಮುಚ್ಚುವ ಮುಂಚೆ ಡಿಸಿ ಟರ್ಮಿನಲ್‌ಗಳ ನಡುವಿನ ಬೈಪಾಸ್ ಕೆಪಾಸಿಟರ್‌ಗಳನ್ನೂ ಬದಲಿಸಿದೆ. ಅವು ಓಪನ್ ಆಗಿದ್ದರೆ (ಒಳಗೇ ಸಂಪರ್ಕ ಕಡಿದಿದ್ದರೆ) ಹೊಸ ಜೋರು ಸ್ಪಾರ್ಕ್ ಹಿಂದಕ್ಕೆ ನುಗ್ಗಿ ರೆಕ್ಟಿಫೈಯರ್ ಡಯೋಡ್‌ಗಳನ್ನು ಸುಡುತ್ತದೆ. ಹಾಕುವಾಗ ಅವುಗಳ ಲೆಗ್ (ತಂತಿ ಕಾಲು) ಆದಷ್ಟು ಗಿಡ್ಡ ಇರಲಿ.