‘ಆಗಿತ್ತು’ ಹಿಡಿದು ‘ಹ್ಯಾಡ್’ ಕಲಿಸಿದ್ದು

ಸೋಮವಾರಪೇಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳ ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ ಹೀಗೆ ಬೇರೆ ಬೇರೆ. ಆದರೂ ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ವಾಕ್ಯ: ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಮಡಿಕೇರಿ.’ ‘ನಿನ್ನೆ ಮಡಿಕೇರಿಗೆ ಹೋಗಿದ್ದೆ’ ಅನ್ನುವುದು ಕನ್ನಡದಲ್ಲಿ ತೀರಾ ಸಹಜ. ಆ ‘ಇದ್ದೆ’ಯನ್ನೇ ಮಕ್ಕಳು ‘ಹ್ಯಾಡ್’ ಮಾಡಿಬಿಡುತ್ತಾರೆ. ಇಂಗ್ಲಿಷಿನಲ್ಲಿ ಬರೀ ನಿನ್ನೆಯ ಸುದ್ದಿ ಹೇಳಲು ‘ಐ ವೆಂಟ್’ ಸಾಕು. ಹಿಂದೆ ನಡೆದ ಒಂದು ಘಟನೆಗಿಂತಲೂ ಮೊದಲೇ ಇನ್ನೊಂದು ಮುಗಿದಿತ್ತು ಅಂತ ತೋರಿಸಬೇಕಾದಾಗ ಮಾತ್ರ ಪಾಸ್ಟ್ ಪರ್ಫೆಕ್ಟ್, ಅಂದರೆ ಈ ‘ಹ್ಯಾಡ್ ಗಾನ್’ ಥರದ ರೂಪ, ಬೇಕು.

‘ಹ್ಯಾಡ್’ ಜೊತೆಗೆ ಕ್ರಿಯಾಪದದ ಮೂರನೆಯ ರೂಪ ಅನ್ನುವ ಸೂತ್ರವನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಎಲ್ಲಿ ಬಳಸಬೇಕು ಅನ್ನುವುದೇ ಕಷ್ಟ. ಹಾಗಾಗಿ ನಾನು ‘ಇದ್ದೆ’ಯನ್ನು ಬಿಟ್ಟು ‘ಅಷ್ಟರಲ್ಲಿ ಆಗಿತ್ತು’ ಅನ್ನುವುದನ್ನು ಹಿಡಿದೆ. ಅಕ್ಟೋಬರಿನ ಕಾವೇರಿ ಸಂಕ್ರಮಣ, ಅಂದರೆ ತಲಕಾವೇರಿಯಲ್ಲಿ ತೀರ್ಥ ಉಕ್ಕುವ ದಿನ, ಮಕ್ಕಳಿಗೆಲ್ಲ ಗೊತ್ತು. ‘ನಾವು ತಲಕಾವೇರಿ ತಲುಪುವಷ್ಟರಲ್ಲಿ ತೀರ್ಥೋದ್ಭವ ಆಗಿತ್ತು.’ ಇಲ್ಲಿ ತಲುಪಿದ್ದಕ್ಕೆ ‘ರೀಚ್ಡ್’, ಆಗಿದ್ದಕ್ಕೆ ‘ಹ್ಯಾಡ್ ಹ್ಯಾಪನ್ಡ್’. ‘ಅಷ್ಟರಲ್ಲಿ’ ಕೂರದ ಕಡೆ ‘ಹ್ಯಾಡ್’ ಬೇಡ ಅಂದೆ.

ಆಮೇಲೆ ನಮ್ಮ ಕಡೆಯ ಅಕ್ಕಿತರಿಯ ಕಡುಬು ಕಡಂಬುಟ್ಟು ಹಿಡಿದು ಎರಡು ವಾಕ್ಯ ಬೋರ್ಡಿನ ಮೇಲೆ ಬರೆದೆ. ‘ವೆನ್ ಅಂಕಲ್ ಕೇಮ್, ವಿ ಏಟ್ ಕಡಂಬುಟ್ಟು.’ ‘ವೆನ್ ಅಂಕಲ್ ಕೇಮ್, ವಿ ಹ್ಯಾಡ್ ಈಟನ್ ಕಡಂಬುಟ್ಟು.’ ಮೊದಲನೆಯದರಲ್ಲಿ ಮಾವ ಬಂದ ಮೇಲೆ ತಿಂದದ್ದು. ಎರಡನೆಯದರಲ್ಲಿ ಮಾವ ಬರುವಷ್ಟರಲ್ಲಿ ತಿಂದಾಗಿತ್ತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: ‘ಹಾಗಾದ್ರೆ ಮಾವನಿಗೆ ಏನೂ ಉಳಿದಿಲ್ವಾ ಮಿಸ್?’ ನನಗೆ ಬೇಕಿದ್ದದ್ದು ಇದೇ ಪ್ರಶ್ನೆ. ‘ಏಟ್’ ಹೋಗಿ ‘ಹ್ಯಾಡ್ ಈಟನ್’ ಬಂದರೆ ಮನೆಯಲ್ಲಿ ನಡೆದ ಕಥೆಯೇ ಬೇರೆಯಾಗುತ್ತದೆ ಅಂತ ಅವಳಿಗೆ ಹೊಳೆದಿತ್ತು.

‘ಬಿಫೋರ್’, ‘ಆಫ್ಟರ್’ ಇರುವ ವಾಕ್ಯಗಳಲ್ಲಿ ಇಷ್ಟು ಬಿಗಿ ಬೇಕಿಲ್ಲ. ಯಾವುದು ಮೊದಲು ಅನ್ನುವುದನ್ನು ಆ ಪದಗಳೇ ಹೇಳುವುದರಿಂದ ‘ಆಫ್ಟರ್ ದ ರೇನ್ ಸ್ಟಾಪ್ಡ್, ವಿ ವೆಂಟ್ ಟು ದ ಎಸ್ಟೇಟ್’ ಅಂದರೂ ಸರಿಯೇ. ಅಲ್ಲಿ ‘ಹ್ಯಾಡ್’ ಹಾಕಲಿಲ್ಲ ಅಂತ ನಾನು ಅಂಕ ಕಳೆಯುವುದಿಲ್ಲ.

ಮೂರನೆಯ ರೂಪಗಳನ್ನು ಮಾತ್ರ ಬಾಯಿಪಾಠ ಮಾಡಿಸುತ್ತೇನೆ, ಬೇರೆ ದಾರಿಯಿಲ್ಲ. ಗೋ-ವೆಂಟ್-ಗಾನ್, ಈಟ್-ಏಟ್-ಈಟನ್, ಲೀವ್-ಲೆಫ್ಟ್-ಲೆಫ್ಟ್. ‘ವಿ ಹ್ಯಾಡ್ ಹ್ಯಾಡ್ ಕಾಫಿ’ಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲ ‘ಹ್ಯಾಡ್’ ಸಹಾಯಕ್ಕೆ ಬಂದದ್ದು, ಎರಡನೆಯದು ಕಾಫಿ ಕುಡಿದದ್ದು. ಈ ವಾಕ್ಯವನ್ನು ಬಿಡಿಸಿ ಹೇಳಿದ ಮಗುವಿಗೆ ಈ ಪಾಠ ಮತ್ತೆ ಹೇಳುವುದಿಲ್ಲ.