ಸಿಂಗಪುರಕ್ಕೆ ಮತ್ತೆ ಹೋಗ್ತಿದ್ದೀರಾ? ಟೆಕ್ಕಾ ಮಾರ್ಕೆಟ್ಟಿಗೆ ಹೋಗಿ

ಸಿಂಗಪುರಕ್ಕೆ ಎರಡನೇ, ಮೂರನೇ ಸಲ ಹೋಗುವವರಿಗೆ ಒಂದು ಮಾತು. ನೋಡಿದ್ದನ್ನೇ ಸುಮ್ನೆ ಮತ್ತೆ ಸುತ್ತಬೇಡಿ. ಇಳಿದ ಮರುದಿನ ಬೆಳಗ್ಗೆ ಟೆಕ್ಕಾ ಮಾರ್ಕೆಟ್ ಇರುವ ಟೆಕ್ಕಾ ಸೆಂಟರ್‌ಗೆ ಹೋಗಿ. ಲಿಟಲ್ ಇಂಡಿಯಾ ಮೆಟ್ರೋ ಸ್ಟೇಷನ್ ಪಕ್ಕದಲ್ಲೇ ಇದೆ. 9 ಗಂಟೆಯೊಳಗೆ ತಲುಪಿದರೆ ಒಳ್ಳೆಯದು, ಮಧ್ಯಾಹ್ನದ ಹೊತ್ತಿಗೆ ಮೀನು, ತರಕಾರಿ ಅಂಗಡಿಗಳು ಖಾಲಿಯಾಗುತ್ತವೆ. ಸೋಮವಾರ ಬೇಡ, ಸುಮಾರು ಅಂಗಡಿಗಳಿಗೆ ರಜೆ.

ನುಗ್ಗೆಕಾಯಿ, ಬಾಳೆಹೂವು, ಕರಿಬೇವಿನ ಕಟ್ಟು ಕಂಡಾಗ ನಮ್ಮೂರ ಸಂತೆಯೇ ಅನಿಸುತ್ತದೆ. ಎರಡು ಹೆಜ್ಜೆ ಮುಂದೆ ಚೀನೀ ಸೊಪ್ಪುಗಳ ರಾಶಿ, ಮಂಜುಗಡ್ಡೆಯ ಮೇಲೆ ಬೆಳ್ಳಿಯಂತೆ ಹೊಳೆಯುವ ಪಾಂಫ್ರೆಟ್. ನನಗೆ ಆ ಬೆರಕೆಯೇ ತುಂಬಾ ಇಷ್ಟ.

ನೆಲ ಒದ್ದೆ ಇರುತ್ತದೆ, ಜಾರದ ಚಪ್ಪಲಿ ಹಾಕಿಕೊಳ್ಳಿ. ಚಿಲ್ಲರೆ ಡಾಲರ್ ಜೊತೆಗಿರಲಿ. ತಮಿಳು ನಾಲ್ಕು ಮಾತು ಬಂದರೆ ವ್ಯಾಪಾರ ಇನ್ನೂ ಸಲೀಸು. ಸೀರೆ, ಚೂಡಿದಾರ್ ಅಂಗಡಿಗಳು, ಟೈಲರ್‌ಗಳು ಮಹಡಿಯ ಮೇಲಿದ್ದಾರೆ.